ಎದುರು ಕೂತವರ ಎಡಗಣ್ಣು

ನೇತ್ರಾವತಿಯ ಚೀಲದಲ್ಲಿ ಯಾವಾಗಲೂ ಹನ್ನೆರಡು ಹುಣಸೆ ಬೀಜ ಇರುತ್ತಿದ್ದವು. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ. ಪ್ರಶ್ನೆಗಳು ಹನ್ನೆರಡು, ಅದಕ್ಕೆ.

ಪ್ರಶ್ನೆಗಳು ರಾಯಚೂರಿನ ಒಂದು ಕಣ್ಣಿನ ಆಸ್ಪತ್ರೆಯವು. ಕೆಲವು ಮಕ್ಕಳಲ್ಲಿ ಒಂದು ಕಣ್ಣು ಮಂದವಾಗಿ, ನೋಡುವ ಕೆಲಸವನ್ನೆಲ್ಲ ಇನ್ನೊಂದರ ಮೇಲೆ ಹಾಕಿ ಕೂತುಬಿಡುತ್ತದೆ. ಆಸ್ಪತ್ರೆಯ ಕಾಗದದಲ್ಲಿ ಅದರ ಹೆಸರು ‘ಸೋಮಾರಿ ಕಣ್ಣು’. ಚೆನ್ನಾಗಿ ಕಾಣುವ ಕಣ್ಣಿಗೆ ದಿನಕ್ಕೆ ಇಷ್ಟು ತಾಸು ಎಂದು ಪಟ್ಟಿ ಅಂಟಿಸಿದರೆ ಮಂದ ಕಣ್ಣು ಬೇರೆ ದಾರಿಯಿಲ್ಲದೆ ನೋಡಲು ಕಲಿಯುತ್ತದೆ. ಆದರೆ ಹಾಗೆ ಪಟ್ಟಿ ಹಾಕಿಕೊಂಡ ಮಗು ಶಾಲೆಯಲ್ಲಿ, ಓಣಿಯಲ್ಲಿ ಏನೇನು ಅನ್ನಿಸಿಕೊಳ್ಳುತ್ತದೆ, ಅದರ ಮನಸ್ಸು ಏನಾಗುತ್ತದೆ? ಅದನ್ನೂ ಅಳೆಯಬೇಕು ಎಂದು ಅಲ್ಲಿ ಸಂಶೋಧನೆ ನಡೆಸುವ ಶೈಲಜಾ ಮೇಡಂ ಹೊರಟಿದ್ದರು. ರಾಯಚೂರು, ದೇವದುರ್ಗ, ಮಾನ್ವಿ ಸೇರಿ ನಲವತ್ತು ಮಕ್ಕಳು. ಒಬ್ಬೊಬ್ಬರ ಮನೆಗೆ ಮೂರು ಸಲ ಹೋಗಬೇಕು: ಪಟ್ಟಿ ಶುರುವಾದ ವಾರ, ಮೂರು ತಿಂಗಳಿಗೆ, ಆರು ತಿಂಗಳಿಗೆ.

ನೇತ್ರಾವತಿ ಗುಂಜಹಳ್ಳಿಯವಳು. ಓದಿದ್ದು ಏಳನೆಯ ತನಕ. ಅವ್ವ ಹಾಸಿಗೆ ಹಿಡಿದ ವರ್ಷ ಶಾಲೆ ಬಿಟ್ಟವಳು, ಅವ್ವ ಎದ್ದು ಓಡಾಡುವಂತಾದರೂ ತಿರುಗಿ ಹೋಗಲಿಲ್ಲ. ತನಗಿಂತ ಕಿರಿಯರ ಪಕ್ಕ ಕೂರಲು ನಾಚಿಕೆಯಾಯಿತು. ಹೋದ ವರ್ಷ ಅವ್ವನ ಮೋತಿಬಿಂದುವಿನ, ಅಂದರೆ ಕಣ್ಣಿನ ಪೊರೆಯ, ಆಪರೇಷನ್ನಿಗೆಂದು ಇದೇ ಆಸ್ಪತ್ರೆಗೆ ಬಂದು ನಾಲ್ಕು ದಿನ ಬೆಂಚಿನ ಮೇಲೆ ಬಾಯಿ ಮುಚ್ಚಿಕೊಂಡು ಕೂತಿದ್ದಳು. ಡಾಕ್ಟರಿಗೂ ನರ್ಸಿಗೂ ಬಾಯಿಬಿಡದ ಮಕ್ಕಳು ಬಂದು ಬಂದು ಅವಳ ಪಕ್ಕ ಕೂತು ಏನೇನೋ ಹೇಳುವುದನ್ನು ಶೈಲಜಾ ಮೇಡಂ ನೋಡಿದರು.

“ಆ ಹುಡುಗಿ ನಮಗ್ಯಾರಿಗೂ ಒಂದು ಮಾತು ಹೇಳಿಲ್ಲ. ನೀನು ಏನು ಕೇಳಿದಿ ಅದಕ್ಕ?”

“ನಾ ಏನೂ ಕೇಳಲಿಲ್ರೀ,” ಎಂದಳು ನೇತ್ರಾವತಿ ನೆಲ ನೋಡುತ್ತ. “ಅದಕ್ಕ ಹೇಳ್ತು ಅನಸ್ತದ.”

ಕೆಲಸ ಸಿಕ್ಕಿದ್ದು ಆ ಒಂದು ಮಾತಿಗೆ. ಚೀಟಿ ಬರೆಯುವ ಶರಣಯ್ಯ ಮಾತ್ರ ಇವತ್ತಿಗೂ, “ಕಣ್ಣಿನ ದವಾಖಾನಿಗೆ ನೇತ್ರಾವತಿ! ಹೆಸರು ನೋಡೇ ಕರದಾರ ನಿನ್ನ. ನಿನ್ನ ತಂಗಿ ದಂತವತಿ ಇದ್ರ ಹೇಳವಾ, ಹಲ್ಲಿನ ದವಾಖಾನಿಯಾಗೂ ಜಾಗ ಖಾಲಿ ಅದ,” ಎಂದು ರೇಗಿಸುತ್ತಿದ್ದ. ಅವಳು ನಕ್ಕು ಮುಂದೆ ಹೋಗುತ್ತಿದ್ದಳು.

ಹಾಳೆಯಲ್ಲಿ ಪ್ರತಿ ಪ್ರಶ್ನೆಯ ಮುಂದೆ ಐದು ಮುಖ. ಮೊದಲನೆಯದು ಬಾಯಿ ತೆರೆದು ನಗುತ್ತದೆ, ಐದನೆಯದು ಅಳುತ್ತದೆ. ಮಗು ತನ್ನ ಮುಖ ಯಾವುದೆಂದು ಹೇಳಬೇಕು. ಮಕ್ಕಳು ಬಾಯಲ್ಲಿ ಹೇಳಲು ಅಂಜುವುದನ್ನು ಕಂಡು ನೇತ್ರಾವತಿ ಹುಣಸೆ ಬೀಜ ತಂದಳು. ಪ್ರಶ್ನೆ ಓದಿ, ಬೀಜ ಕೊಟ್ಟು, ಬೇರೆ ಕಡೆ ನೋಡುತ್ತ ಕೂರುವಳು. ಮಗು ತನಗೆ ಬೇಕಾದ ಮುಖದ ಮೇಲೆ ಬೀಜ ಇಡುವುದು.

“ಕೇಳು, ಬರಕೋ. ಬುದ್ಧಿ ಹೇಳಬ್ಯಾಡ,” ಎಂದು ಮೇಡಂ ಮೊದಲ ದಿನವೇ ಕಟ್ಟುನಿಟ್ಟು ಮಾಡಿದ್ದರು. “ನಾವು ಬುದ್ಧಿ ಹೇಳಾಕ ನಿಂತ್ವಿ ಅಂದ್ರ ಮಕ್ಕಳು ನಮಗ ಏನು ಬೇಕೋ ಅದನ್ನ ಹೇಳ್ತಾವ.”

ಬುದ್ಧಿ ಹೇಳುವುದಿರಲಿ, ಬಸ್ಸಿನಲ್ಲಿ ಚಿಲ್ಲರೆ ಕೇಳಲೂ ಬಾಯಿ ಬರದವಳಿಗೆ ಅದು ಬಹಳ ಹಿಡಿಸಿದ ನಿಯಮ.

ಮೂರು ತಿಂಗಳ ಸುತ್ತಿನಲ್ಲಿ ಅವಳು ಮೊದಲು ಹೋದದ್ದು ಮಾನ್ವಿಗೆ, ಗುಲ್ಶನ್ ಬೇಗಂ ಮನೆಗೆ. ಆರು ವರ್ಷದ ಮಗ ಅಲ್ತಾಫ್ ಅಂಗಳದಲ್ಲಿ ಆಡನ್ನು ಅಪ್ಪಿಕೊಂಡು ಕೂತಿದ್ದ. ಆಡಿನ ಒಂದು ಕಣ್ಣಿಗೆ ಪಟ್ಟಿ ಅಂಟಿತ್ತು.

“ಇದಕ್ಕೂ ಬರಕೋ ಅಕ್ಕಾ,” ಎಂದ ಅಲ್ತಾಫ್. “ಇದೂ ಅಳಾಕತ್ತದ.”

“ಲೇ ಶೈತಾನ, ಬಿಚ್ಚು ಅದನ್ನ!” ಗುಲ್ಶನ್ ಬೇಗಂ ಓಡಿ ಬಂದು ಆಡನ್ನು ಬಿಡಿಸಿದಳು. “ನೋಡಮ್ಮಾ ಇವನ ತಮಾಷಾ. ದಿನಾ ಲಡಾಯೀನೇ ನಮ್ಮ ಮನ್ಯಾಗ. ನಾ ಹಚ್ಚೋದು, ಇವ ಕೀಳೋದು. ಶಾಲ್ಯಾಗ ಒಕ್ಕಣ್ಣ ಅಂತಾರಂತ. ಅಳಕೋತ ಬರ್ತಾನ. ನಾನೂ ಒಳಗ ಹೋಗಿ ಅತ್ತು, ಮಾರಿ ತೊಳಕೊಂಡು ಬಂದು ಮತ್ತ ಹಚ್ತೀನಿ. ಮೇಡಮ್ಮಿಗೆ ಹೇಳು, ಇನ್ನ ನನ್ನ ಕೈಲಿ ಆಗಲ್ಲ. ಬಿಟ್ಟುಬಿಡ್ತೀನಿ.”

ಅಲ್ತಾಫ್ ಹನ್ನೆರಡು ಬೀಜಗಳಲ್ಲಿ ಹತ್ತನ್ನು ಅಳುವ ಮುಖದ ಮೇಲೆ ಜೋರಾಗಿ ಒತ್ತಿದ. ಹನ್ನೊಂದನೆಯದನ್ನು ಆಡು ತಿಂದಿತು. ಹನ್ನೆರಡನೆಯದು ‘ಅವ್ವ ನಿನ್ನ ಜೊತೆ ಹೇಗಿರುತ್ತಾಳೆ’ ಎಂಬ ಪ್ರಶ್ನೆ. ಅವನು ಒಳಬಾಗಿಲ ಕಡೆ ಒಮ್ಮೆ ನೋಡಿ, ನಗುವ ಮುಖದ ಮೇಲೆ ಮೆಲ್ಲಗೆ ಇಟ್ಟ.

ಮರುದಿನ ದೇವದುರ್ಗ. ಕಲ್ಮಲ ದಾಟಿ, ಗಬ್ಬೂರು ದಾಟಿ ಬಸ್ಸು ಹೋಗುವಾಗ ನೇತ್ರಾವತಿ ಐಶ್ವರ್ಯಳ ಹಳೆಯ ಹಾಳೆ ತೆಗೆದು ನೋಡಿದಳು. ಏಳು ವರ್ಷ, ಬರುವ ತಿಂಗಳಿಗೆ ಎಂಟು. ಎಡಗಣ್ಣು ಮಂದ, ಪಟ್ಟಿ ಬಲಗಣ್ಣಿಗೆ, ಶಾಲೆಯ ಹೊತ್ತಿನಲ್ಲಿ. ಮೊದಲ ವಾರ ಒಂಬತ್ತು ಬೀಜ ಅಳುವ ಮುಖದ ಮೇಲೆ ಬಿದ್ದಿದ್ದವು. ಬಲಗಣ್ಣು ಮುಚ್ಚಿದರೆ ಅವಳಿಗೆ ಬೋರ್ಡು ಕಾಣದು, ಮೆಟ್ಟಿಲು ಕಾಣದು. ಗೋಡೆ ಹಿಡಿದು ನಡೆಯುತ್ತಿದ್ದಳೆಂದು ಹುಡುಗರು ‘ಗೋಡಿ’ ಎಂದು ಹೆಸರಿಟ್ಟಿದ್ದರು. “ಗೋಡಿ ಬಂತು, ಸರೀರಿ” ಎನ್ನುತ್ತಿದ್ದರಂತೆ. ಈ ಮಗುವಿನ ಬಗ್ಗೆ ಮೇಡಂ, “ಎಂಟರ ಒಳಗ ಕಣ್ಣು ಲಗೂನ ಕಲೀತದ. ವಯಸ್ಸು ಏರಿದಂಗ ಕಷ್ಟ ಆಗಕೋತ ಹೋಗ್ತದ. ಈ ಹುಡುಗೀದು ಒಂದು ದಿನಾನೂ ವ್ಯರ್ಥ ಆಗಬಾರದು,” ಎಂದಿದ್ದರು.

ಅಪ್ಪ ಚನ್ನವೀರ, ಅವ್ವ ಉಮಾದೇವಿ ಇಬ್ಬರೂ ಬಸ್‌ಸ್ಟ್ಯಾಂಡಿನ ಹತ್ತಿರದ ತಮ್ಮ ಕಿರಾಣಿ ಅಂಗಡಿಯಲ್ಲಿದ್ದರು. ಮನೆಯಲ್ಲಿ ಚನ್ನವೀರನ ತಾಯಿ, ಐಶ್ವರ್ಯಳ ಆಯಿ ವೀರಭದ್ರಮ್ಮ ಪಡಸಾಲೆಯ ಕರಿಕಲ್ಲಿನ ನೆಲದ ಮೇಲೆ ಕೌದಿ ಹರವಿಕೊಂಡು ಹೊಲಿಯುತ್ತಿದ್ದರು. ಅಜ್ಜ, ಮುತ್ಯಾ ಗಡಿಗೆಪ್ಪ ಹೊರಗೆ ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತಿದ್ದರು. ಐಶ್ವರ್ಯ ಶಾಲೆಯಿಂದ ಈಗಷ್ಟೇ ಬಂದಿದ್ದಳು, ಕಣ್ಣಿನ ಪಟ್ಟಿಯೂ ಹಾಗೇ ಇತ್ತು.

“ಬಾರವಾ ತಂಗಿ, ಕುಂದ್ರು. ಬಿಸಲಾಗ ಬಂದಿ. ಮೊದಲ ಮಂಡಕ್ಕಿ ವಗ್ಗರಣಿ ತಿನ್ನು, ಆಮ್ಯಾಲ ನಿನ್ನ ಪರೀಕ್ಷಾ,” ಎಂದರು ವೀರಭದ್ರಮ್ಮ.

ಪರೀಕ್ಷೆ ಬಹಳ ಹೊತ್ತು ಹಿಡಿಯಲಿಲ್ಲ. ಹನ್ನೆರಡಕ್ಕೆ ಹನ್ನೆರಡು ಬೀಜ ಬಾಯಿ ತೆರೆದು ನಗುವ ಮುಖದ ಮೇಲೆ! ಗೆಳತಿಯರ ಜೊತೆ ಆಡುವಾಗ? ನಗು. ಶಾಲೆಯಲ್ಲಿ ಓದುವಾಗ? ನಗು. ಕನ್ನಡಿ ನೋಡಿಕೊಂಡಾಗ? ನಗು.

“ಈಗ ಗೋಡಿ ಅನ್ನಲ್ಲೇನು?” ಎಂದಳು ನೇತ್ರಾವತಿ.

“ಇಲ್ಲಕ್ಕ. ಈಗ ನಾನೇ ಎಲ್ಲಾರಕಿಂತ ಮುಂದ ಓಡ್ತೀನಿ.”

ಅಷ್ಟರಲ್ಲಿ ವೀರಭದ್ರಮ್ಮನ ಸೂಜಿಯ ದಾರ ಮುಗಿಯಿತು. “ಐಶೂ, ಪೋಣಿಸಿ ಕೊಡು ನಮ್ಮವ್ವ,” ಎಂದರು. ಹುಡುಗಿ ದಾರದ ತುದಿಯನ್ನು ನಾಲಿಗೆಗೆ ತಾಗಿಸಿ, ಹೊಸೆದು, ಸೂಜಿ ಎತ್ತಿ ಹಿಡಿದು ಒಂದೇ ಸಲಕ್ಕೆ ತೂರಿಸಿದಳು. ಮೂರು ತಿಂಗಳಲ್ಲಿ ಇಷ್ಟು! ನೇತ್ರಾವತಿಗೆ ಆನಂದವೇ ಆಯಿತು.

ಹೊರಡುವಾಗ ಐಶ್ವರ್ಯ ಬಾಗಿಲ ತನಕ ಬಂದು ಸೆರಗು ಜಗ್ಗಿದಳು. “ಅಕ್ಕಾ, ನಾವು ಹೇಳಿದ್ದು ಬ್ಯಾರೆಯವರಿಗೆ ಹೇಳ್ತೀಯಾ?”

“ಇಲ್ಲವಾ. ಬರೇ ಬರಕೋತೀನಿ.”

ಹುಡುಗಿ ಏನೋ ಹೇಳಲು ಬಾಯಿ ತೆರೆದು, ಆಯಿಯ ಕಡೆ ತಿರುಗಿ ನೋಡಿ, “ಏನಿಲ್ಲ, ಹೋಗಿ ಬಾ,” ಎಂದಳು. ಬಾಗಿ ಟಾಟಾ ಮಾಡುವಾಗ ಅವಳ ಪಟ್ಟಿಯ ಅಂಚಿನಲ್ಲಿ ಹೆಬ್ಬೆಟ್ಟಿನಷ್ಟು ಅಗಲದ ಕೆಂಪು ಕಲೆ ಕಂಡಿತು.

ಹಾಳೆ ನೋಡಿ ಶೈಲಜಾ ಮೇಡಂ ಕುರ್ಚಿಯಿಂದ ಎದ್ದೇಬಿಟ್ಟರು.

“ಹನ್ನೆರಡಕ್ಕೆ ಹನ್ನೆರಡು! ಈ ಹುಡುಗಿ ಒಂದೂವರೆ ತಿಂಗಳಿಗೆ ತೋರಸಾಕ ಬರಬೇಕಿತ್ತು. ಅಂಗಡಿ ಬಿಟ್ಟು ಬರಾಕ ಆಗಲಿಲ್ಲಂತ ಬರಲೇ ಇಲ್ಲ. ಇರಲಿ, ಐತವಾರ ತಂದೆ-ತಾಯಿಗಳ ಸಭಾ ಅದಲ್ಲ, ಅವತ್ತು ಕರಸೋಣ. ಬಿಟ್ಟುಬಿಡ್ತೀನಿ ಅನ್ನೋರಿಗೆಲ್ಲ ಈ ಕೂಸನ್ನ ತೋರಸ್ತೀನಿ. ಆ ಗುಲ್ಶನ್ ಬೇಗಮ್ಮಿಗಂತೂ ಎದುರಿಗೇ ಕುಂದ್ರಸಿ ತೋರಸ್ತೀನಿ.”

ನೇತ್ರಾವತಿ ತಲೆಯಾಡಿಸಿದಳು. ಆ ಕೆಂಪು ಕಲೆಯ ಮಾತು ತುಟಿಗೆ ಬಂದಿತ್ತು. ಕಲೆಯಿಂದ ಏನಾಗಬೇಕು ಎಂದು ನುಂಗಿಕೊಂಡಳು.

ಮರುದಿನ ಬೆಳಿಗ್ಗೆ ಗುಂಜಹಳ್ಳಿಯ ಮನೆಯಲ್ಲಿ ಅವ್ವ ಬೂದೆಮ್ಮ ಮುಖ ತೊಳೆದು ಕುಂಕುಮ ಇಟ್ಟುಕೊಳ್ಳುತ್ತಿದ್ದಳು. ಮೊದಲು ಭರಣಿಯಿಂದ ಚೂರು ಮೇಣ ತೆಗೆದು ಹಣೆಗೆ ಹಚ್ಚಿ, ಆಮೇಲೆ ಅದರ ಮೇಲೆ ಕುಂಕುಮ. ಮೇಣ ಇದ್ದರೆ ಕುಂಕುಮ ಸಂಜೆಯ ತನಕ ಜಾರುವುದಿಲ್ಲ. ಅವಳ ಹೆಬ್ಬೆಟ್ಟಿನಲ್ಲಿ ಉಳಿದ ಕೆಂಪು ಮೇಣವನ್ನು ನೇತ್ರಾವತಿ ನೋಡುತ್ತ ನಿಂತಳು.

ಅದೇ ಕೆಂಪು. ಪಟ್ಟಿಯ ಅಂಚಿನಲ್ಲಿದ್ದದ್ದು ಕುಂಕುಮದ ಮೇಣ. ಆಸ್ಪತ್ರೆಯ ಪಟ್ಟಿಗೆ ಅಂಟು ಅದರಲ್ಲೇ ಇರುತ್ತದೆ. ಮೇಣ ಯಾಕೆ ಬೇಕು? ಒಮ್ಮೆ ಕಿತ್ತು ಮತ್ತೆ ಹಚ್ಚುವವರಿಗೆ ಮಾತ್ರ ಬೇಕು.

“ಯವ್ವಾ, ಇಲ್ಲಿ ಕುಂದ್ರು,” ಎಂದು ಅವ್ವನನ್ನು ಎದುರಿಗೆ ಕೂರಿಸಿಕೊಂಡಳು. ಕ್ಯಾಲೆಂಡರಿನ ಚೂರು ಹರಿದು, ನೆನಪು ಮಾಡಿಕೊಂಡು, ಅವಳ ಒಂದು ಕಣ್ಣಿನ ಮೇಲೆ ಹಿಡಿದಳು. ಐಶ್ವರ್ಯ ಕೂತಾಗ ಬೀಜದ ಚೀಲ ತನ್ನ ಬಲಗೈ ಕಡೆ ಇತ್ತು. ಹುಡುಗಿಯ ಪಟ್ಟಿ ಇದ್ದದ್ದೂ ಅದೇ ಕಡೆಗೆ.

“ಇದು ನಿಂದು ಯಾವ ಕಣ್ಣು?”

“ಎಡಗಣ್ಣು. ಯಾಕ ಬೇ, ಕಣ್ಣಿನ ದವಾಖಾನಿ ಸೇರಿ ಎಡ ಬಲ ಮರತೇನು?” ಬೂದೆಮ್ಮ ನಕ್ಕಳು. “ಎದುರಿಗೆ ಕುಂತ್ರ ನನ್ನ ಎಡ ನಿನ್ನ ಬಲಕ್ಕ ಬರ್ತದ.”

ನೇತ್ರಾವತಿ ಕಾಗದದ ಚೂರು ಕೆಳಗಿಳಿಸಿದಳು. ಬಲಗಣ್ಣಿಗೆ ಇರಬೇಕಾದ ಪಟ್ಟಿ ಎಡಗಣ್ಣಿಗಿತ್ತು. ಚೆನ್ನಾಗಿ ಕಾಣುವ ಕಣ್ಣು ತೆರೆದೇ ಇತ್ತು. ಸೂಜಿಗೆ ದಾರ ಪೋಣಿಸಿದ್ದು ಆ ಕಣ್ಣು. ಎಲ್ಲರಿಗಿಂತ ಮುಂದೆ ಓಡುತ್ತಿದ್ದುದೂ ಆ ಕಣ್ಣೇ. ಮಂದ ಕಣ್ಣು ಮೂರು ತಿಂಗಳಿಂದ ಕತ್ತಲಲ್ಲಿ ಕೂತಿತ್ತು. ಹನ್ನೆರಡು ನಗು ಬಂದದ್ದು ಅಲ್ಲಿಂದ.

ಇದನ್ನು ಮೇಡಮ್ಮಿಗೆ ಹೇಗೆ ಹೇಳುವುದು? ತಾನೇ ತಪ್ಪು ನೆನಪಿಟ್ಟುಕೊಂಡಿದ್ದರೆ? ಏಳನೆಯ ತನಕ ಓದಿದವಳಿಗೆ ಎಡ ಬಲ ಗೊತ್ತಾಗಲಿಲ್ಲ ಎಂದಾರು. ಅವಳು ಉಣ್ಣದೆ ಎದ್ದು ಮೊದಲ ಬಸ್ಸು ಹಿಡಿದಳು. ಹಾಳೆ ತಂದಿರಲಿಲ್ಲ, ಬೀಜ ತಂದಿರಲಿಲ್ಲ. ಕಂಡಕ್ಟರ್, “ದೇವದುರ್ಗದಾಗ ಏನು, ದಿನಾ ನೆಂಟಸ್ತಿಕಿ?” ಎಂದ.

ಓಣಿಯ ತಿರುವಿನಲ್ಲಿ ಅವಳು ನಿಂತುಬಿಟ್ಟಳು. ವೀರಭದ್ರಮ್ಮ ಮೊಮ್ಮಗಳನ್ನು ಶಾಲೆಗೆ ಕರೆದೊಯ್ಯುತ್ತಿದ್ದರು. ಪಟ್ಟಿ ಬಲಗಣ್ಣಿಗಿತ್ತು, ಹುಡುಗಿಯ ಒಂದು ಕೈ ಗೋಡೆಯ ಮೇಲೆ ತಡವರಿಸುತ್ತಿತ್ತು. ಹಿಟ್ಟಿನ ಗಿರಣಿಯ ಮರೆಗೆ ಬಂದದ್ದೇ ಮುದುಕಿ ಬಗ್ಗಿ, ಉಗುರಿನಿಂದ ಪಟ್ಟಿಯ ಅಂಚು ಎಬ್ಬಿಸಿ, ನೋವಾಗದಂತೆ ಊದುತ್ತ ಊದುತ್ತ ಕಿತ್ತರು. ಸೊಂಟದ ಚೀಲದಿಂದ ಸಣ್ಣ ಭರಣಿ ತೆಗೆದು, ಹೆಬ್ಬೆಟ್ಟಿನಿಂದ ಮೇಣ ಬಳಿದು, ಎಡಗಣ್ಣಿಗೆ ಒತ್ತಿದರು. ಒತ್ತಿ ಹಣೆಗೆ ಒಂದು ಮುತ್ತು ಕೊಟ್ಟರು. ಐಶ್ವರ್ಯ ಗೋಡೆ ಬಿಟ್ಟು ಕುದುರೆಯ ಹಾಗೆ ಓಡಿದಳು.

ತಿರುಗಿದ ಮುದುಕಿಗೆ ನೇತ್ರಾವತಿ ಎದುರಾದಳು.

“ನೋಡಿದೇನು?” ಎಂದರು ವೀರಭದ್ರಮ್ಮ. ಗಾಬರಿ ಏನೂ ಇರಲಿಲ್ಲ ಅವರ ದನಿಯಲ್ಲಿ. “ಬಾ, ಮನಿಗೆ ಹೋಗೋಣ.”

ದಾರಿಯಲ್ಲೇ ಹೇಳಿದರು. “ಆ ಕೂಸು ಗೋಡಿ ಹಿಡಕೊಂಡು ನಡಿಯೋದು ನೋಡಿ ನನ್ನ ಕರುಳು ಕಿತ್ತು ಬಂತವಾ. ಆಮ್ಯಾಲ ವಿಚಾರ ಮಾಡಿದೆ. ಯಾವ ಊರಾಗ ಚಲೋ ಅವಯವಕ್ಕ ಪಟ್ಟಿ ಕಟ್ತಾರ? ಕೈ ಮುರದ್ರ ಮುರದ ಕೈಗೇ ಕಟ್ತಾರ. ಇದ್ರಾಗ ಏನೋ ತಪ್ಪಾಗ್ಯದ ಅನಿಸ್ತು. ಅವತ್ತು ಡಾಕ್ಟರಮ್ಮ ಕೂಸಿನ ಎದುರಿಗೆ ಕುಂತಿದ್ದಳು. ಎದುರಿಗೆ ಕುಂತೋರಿಗೆ ನಮ್ಮ ಎಡ ಅವರ ಬಲಕ್ಕ ಬರ್ತದ. ಅಕಿ ತನ್ನ ಬಲ ನೋಡಿ ಬಲ ಅಂತ ಬರದಾಳ. ದೊಡ್ಡ ಓದು ಓದಿದೋರು, ನಾವು ಎದುರಾಡಬಾರದಲ್ಲ. ಸೊಸಿಗೂ ಹೇಳಲಿಲ್ಲ, ಅಕಿ ಕಾಗದ ಅಂದ್ರ ಕಾಗದ. ನಾನೇ ದಿನಾ ಸುಧಾರಿಸಿಕೊಂಡು ಹೊಂಟೀನಿ.”

ನೇತ್ರಾವತಿ ನಡಿಗೆ ನಿಧಾನ ಮಾಡಿದಳು. ಬೆಳಿಗ್ಗೆ ತನ್ನ ಅವ್ವನ ಎದುರು ಕೂತು ತಾನು ಮಾಡಿದ ಲೆಕ್ಕವನ್ನೇ ಈ ಮುದುಕಿ ಮೂರು ತಿಂಗಳ ಹಿಂದೆ ಮಾಡಿದ್ದರು, ಮೊಮ್ಮಗಳ ಮೇಲಿನ ಜೀವಕ್ಕೆ. ನೀವು ತಪ್ಪು ಮಾಡಿದಿರಿ ಎಂದು ಈ ಮುಖಕ್ಕೆ ಹೇಗೆ ಹೇಳುವುದು? ಬುದ್ಧಿ ಹೇಳಬೇಡ ಎಂಬ ಮೇಡಂ ಮಾತು ಒಂದು ಕಡೆ. ಯಾರಿಗೂ ಹೇಳಲ್ಲ ಎಂದು ಐಶ್ವರ್ಯಗೆ ಕೊಟ್ಟ ಮಾತು ಇನ್ನೊಂದು ಕಡೆ. ಸುಮ್ಮನೆ ಬಸ್ಸು ಹತ್ತಿದರೆ ಯಾರೂ ಅವಳನ್ನು ಕೇಳುವವರಿಲ್ಲ. ಆದರೆ ಬರುವ ತಿಂಗಳು ಹುಡುಗಿಗೆ ಎಂಟು ತುಂಬುತ್ತದೆ.

ಮನೆ ಬಂತು. ಗಡಿಗೆಪ್ಪ ಕಟ್ಟೆಯ ಮೇಲೆ ಎಲೆ-ಅಡಿಕೆ ಹಾಕುತ್ತಿದ್ದರು. ನೇತ್ರಾವತಿಗೆ ಹೇಳುವುದು ಬಾರದು. ಕೇಳುವುದು ಬರುತ್ತದೆ. ಅವಳು ಕಟ್ಟೆಯ ಕೆಳಗೆ ಕೂತಳು.

“ಮುತ್ಯಾ, ನಿಮ್ಮ ಮನ್ಯಾಗ ಎತ್ತು ಇದ್ವೇನ್ರೀ?”

“ಇದ್ದಿಲ್ಲೇನು! ಅಂಗಡಿ ಬಂದದ್ದು ಮಗನ ಕಾಲಕ್ಕ. ನಂದು ಒಕ್ಕಲುತನ. ಎರಡು ಜೋಡಿ ಇದ್ವು.”

“ಜೋಡ್ಯಾಗ ಎಡಕ್ಕ ಕಟ್ಟೋ ಎಡಗೋಲ ಎತ್ತು ಮೈಗಳ್ಳ ಇದ್ರ ಏನು ಮಾಡ್ತಿದ್ರಿ?”

ಗಡಿಗೆಪ್ಪನ ಮುಖ ಅರಳಿತು. ಬಹಳ ದಿನದಿಂದ ಯಾರೂ ಅವರನ್ನು ಇಂಥದ್ದು ಕೇಳಿರಲಿಲ್ಲ. “ಇತ್ತಲ್ಲ ನಂದೊಂದು, ಕೆಂದ ಅಂತ. ಮಹಾ ಕಳ್ಳ ಅದು. ನೊಗಕ್ಕ ಕುತಿಗಿ ಕೊಡೋದು, ಎಳಿಯೋ ಕೆಲಸ ಬಲಗೋಲಂದು. ನೋಡಿದೋರಿಗೆ ಎರಡೂ ದುಡದಂಗ. ಹೊಡದ್ರ ಏನೂ ಉಪಯೋಗಿಲ್ಲ. ಜೋಡಿ ಬಿಡಸಬೇಕು. ಒಂದನ್ನ ಕೊಟ್ಟಿಗ್ಯಾಗ ಕಟ್ಟಿ, ಕೆಂದ ಒಂದಕ್ಕೇ ಕೊರಡು ಕಟ್ಟಿ ಹೊಲದಾಗ ಎಳಸಿದೆ. ಮೊದಲ ಎರಡು ದಿನ ಮಲಕೊಂಡುಬಿಡ್ತು. ಆಮ್ಯಾಲ ದಾರಿಗೆ ಬಂತು.”

“ಕೊಟ್ಟಿಗ್ಯಾಗ ಕಟ್ಟಿದ್ದು ಯಾವ ಎತ್ತು ಮುತ್ಯಾ?”

“ಯಾವುದಂದ್ರ? ಚಲೋದು. ಮೈಗಳ್ಳನ್ನ ಕಟ್ಟಿ ಹಾಕಿ ಮೇವು ಹಾಕಿದ್ರ ಅದು ಎಂದ ಕಲೀತದ?”

ಬಾಗಿಲಲ್ಲಿ ನಿಂತಿದ್ದ ವೀರಭದ್ರಮ್ಮನ ಕೈ ಚೌಕಟ್ಟನ್ನು ಹಿಡಿಯಿತು. ನೇತ್ರಾವತಿ ಅವರ ಕಡೆ ನೋಡಲಿಲ್ಲ. ಮಕ್ಕಳು ಬೀಜ ಇಡುವಾಗ ನೋಡದ ಹಾಗೆ ರಸ್ತೆಯ ಕಡೆ ನೋಡುತ್ತ ಕೂತಳು. ಒಂದು ಟಂಟಂ ಆಟೋ ಹೋಯಿತು. ಯಾರೋ ಕೊತ್ತಂಬರಿ ಕೂಗಿಕೊಂಡು ಹೋದರು.

“ಅಯ್ಯೋ ನಮ್ಮಪ್ಪಾ,” ಎಂದರು ವೀರಭದ್ರಮ್ಮ. “ಮೂರು ತಿಂಗಳು ನಾನು ಮೈಗಳ್ಳನ್ನ ಕಟ್ಟಿ ಮೇವು ಹಾಕಿದೆ.”

ಗಡಿಗೆಪ್ಪನಿಗೆ ಏನೂ ತಿಳಿಯಲಿಲ್ಲ. “ಯಾವ ಎತ್ತು? ಎತ್ತು ಮಾರಿ ಹತ್ತು ವರ್ಷ ಆತಲ್ಲ?”

ಸೊಸೆಗೆ ಹೇಳಿದ್ದು ಮುದುಕಿಯೇ. ನೇತ್ರಾವತಿ ಹೇಳಲಿ ಎಂದು ಕಾಯಲಿಲ್ಲ, ಮುಚ್ಚಿಡಲೂ ಇಲ್ಲ. ಉಮಾದೇವಿ ಅಂಗಡಿಯಿಂದ ಬಂದವಳು ಬಾಗಿಲಲ್ಲೇ ನಿಂತು ಕೇಳಿದಳು.

“ದಿನಾ ಏಳಕ್ಕೆದ್ದು ನಾ ಹಚ್ಚೀನಲ್ರೀ ಅತ್ತಿ! ಅದು ಅತ್ರೂ ಬಿಡದ ಹಚ್ಚೀನಿ. ನನ್ನ ಕೈ ನೋಡಿದ್ರ ಓಡಿ ಹೋಗ್ತಿತ್ತು ಅದು. ಅಕಿಗೆ ನಾ ಕೆಟ್ಟಾಕಿ, ನೀವು ಚಲೋರು!”

“ಹೌದವಾ. ನೀನೇ ಸರಿ ಇದ್ದಿ. ಬೈ ನನಗ,” ಎಂದು ಮುದುಕಿ ತಲೆ ತಗ್ಗಿಸಿ ಕೂತರು. ಹಾಗೆ ಕೂತದ್ದನ್ನು ನೋಡಿ ಉಮಾದೇವಿ ಬೈಯುವುದು ಬಿಟ್ಟಳು. ಒಳಗೆ ಹೋಗಿ ನೀರು ಕುಡಿದು, ಒಂದು ತಂಬಿಗೆ ಅತ್ತೆಯ ಮುಂದೆಯೂ ತಂದಿಟ್ಟಳು.

ಶಾಲೆಯಿಂದ ಬಂದ ಐಶ್ವರ್ಯ ಎಲ್ಲರ ಮುಖ ನೋಡಿದಳು. ಕೊನೆಗೆ ನೇತ್ರಾವತಿಯ ಮುಖ.

“ನೀ ಬರೇ ಬರಕೋತೀನಿ ಅಂದಿದ್ದಿ,” ಎಂದಳು. “ಸುಳ್ಳಿ.”

ನೇತ್ರಾವತಿ ದೇವದುರ್ಗದಿಂದ ಕಲ್ಮಲದ ತನಕ ಬಸ್ಸಿನ ಕಿಟಕಿಗೆ ಹಣೆ ಹಚ್ಚಿ ಕೂತಿದ್ದಳು.

ಐತವಾರದ ಸಭೆಯಲ್ಲಿ ನಗುವ ಹುಡುಗಿಯನ್ನು ಯಾರಿಗೂ ತೋರಿಸಲಿಲ್ಲ. ಬೆಳಿಗ್ಗೆಯೇ ವೀರಭದ್ರಮ್ಮ ಬಂದು ಎಲ್ಲ ಹೇಳಿ, ಪರೀಕ್ಷೆಯೂ ಆಗಿತ್ತು: ಐಶ್ವರ್ಯಳ ಎಡಗಣ್ಣು ಮೂರು ತಿಂಗಳ ಹಿಂದೆ ಎಲ್ಲಿತ್ತೋ ಅಲ್ಲೇ ಇತ್ತು. ಅಲ್ತಾಫ್ ಮಾತ್ರ ಮಂದ ಕಣ್ಣಿನಿಂದಲೇ ಅಕ್ಷರದ ಫಲಕದಲ್ಲಿ ಎರಡು ಸಾಲು ಹೆಚ್ಚು ಓದಿದ. ಶೈಲಜಾ ಮೇಡಂ ಎರಡು ಹಾಳೆಗಳನ್ನು ಪಕ್ಕಪಕ್ಕ ಇಟ್ಟುಕೊಂಡು ನೋಡುತ್ತ ಕೂತಿದ್ದರು. ಒಂದರಲ್ಲಿ ಬರೀ ನಗು, ಒಂದರಲ್ಲಿ ಹತ್ತು ಅಳು.

“ನಾನು ಈ ಹಾಳಿ ನೋಡಿ ಕುಣದೆ, ನೇತ್ರಾ,” ಎಂದರು. “ಪಟ್ಟಿ ಎಲ್ಲಿ ಅದ ಅಂತ ಕೇಳೋ ಪ್ರಶ್ನಿನೇ ಇಟ್ಟಿಲ್ಲ ನಾನು. ನೀನಾದ್ರೂ ಮೊದಲೇ ಹೇಳಬಾರದಿತ್ತೇನು?”

“ಕೆಂಪು ಕಲಿ ನೋಡಿದ್ದೆರೀ. ಹೇಳಾಕ ನಾಚಿಕಿ ಆತು.” ನೇತ್ರಾವತಿ ಮತ್ತೆ ಬಾಯಿ ತೆರೆದಳು. “ಮೇಡಂ, ಮೊದಲಿನ ಹಾಳಿನೂ ನೋಡ್ರಿ. ಒಂಬತ್ತು ಅಳು. ಆಯಿ ಅದನ್ನ ನೋಡಲಾರದಕ್ಕ ಹಂಗ ಮಾಡಿದಳು. ಈಗ ಮತ್ತ ಶಾಲ್ಯಾಗೇ ಹಚ್ಚು ಅಂದ್ರ ಹುಡುಗಿ ತಾನೇ ಕಿತ್ತು ಆಕಡೀಗೆ ಹಚ್ಕೋತಾಳ. ಮ್ಯಾಣ ಎಲ್ಲಾರ ಮನ್ಯಾಗೂ ಇರ್ತದರೀ.”

ಮೇಡಂ ಅವಳನ್ನೇ ನೋಡಿದರು. ಇಷ್ಟು ಉದ್ದದ ಮಾತನ್ನು ಅವಳ ಬಾಯಲ್ಲಿ ಅವರು ಕೇಳಿರಲಿಲ್ಲ. ಎದ್ದು ಡಾಕ್ಟರ ಕೋಣೆಗೆ ಹೋಗಿ ಬಹಳ ಹೊತ್ತು ಮಾತಾಡಿ ಬಂದರು. ಐಶ್ವರ್ಯಳ ಚೀಟಿಯಲ್ಲಿ ಹೊತ್ತು ಬದಲಾಯಿತು: ಶಾಲೆಯಲ್ಲಿ ಬೇಡ, ಸಂಜೆ ಮನೆಯಲ್ಲಿ, ಹತ್ತಿರದ ಕೆಲಸ ಮಾಡುತ್ತ. ತಿಂಗಳಿಗೊಮ್ಮೆ ತೋರಿಸಬೇಕು, ತಪ್ಪಿಸುವಂತಿಲ್ಲ. ಅಲ್ತಾಫನಿಗೂ ಹಾಗೇ ಆಯಿತು. ಗುಲ್ಶನ್ ಬೇಗಂ ಎರಡು ಸಾಲಿನ ಸುದ್ದಿ ಕೇಳಿ, “ಎರಡು ಸಾಲು? ಖರೇನಾ?” ಎಂದು ನಾಲ್ಕು ಸಲ ಕೇಳಿದಳು, ಬಿಟ್ಟುಬಿಡುವ ಮಾತು ಎತ್ತಲಿಲ್ಲ. ಐಶ್ವರ್ಯಳ ಚೀಟಿಯ ಮೇಲೆ ಮೇಡಂ ಒಂದು ಮುಖ ಬರೆದು, ಬಲಗಣ್ಣಿಗೆ ಕಪ್ಪು ಬಳಿದು, ವೀರಭದ್ರಮ್ಮನ ಪಕ್ಕದಲ್ಲೇ ಕೂತು ತೋರಿಸಿದರು. ಈ ಸಲ ಯಾರೂ ಎದುರಿಗೆ ಕೂರಲಿಲ್ಲ.

ಆರು ತಿಂಗಳ ಹಾಳೆ ತೆಗೆದುಕೊಂಡು ನೇತ್ರಾವತಿ ಮತ್ತೆ ದೇವದುರ್ಗಕ್ಕೆ ಹೋದಾಗ ಸಂಜೆಯಾಗಿತ್ತು. ಹೊಸ ಹಾಳೆಯ ಮೊದಲ ಸಾಲಿನಲ್ಲಿ ಒಂದು ದೊಡ್ಡ ಮುಖವಿತ್ತು: ‘ಪಟ್ಟಿ ಇರುವ ಕಣ್ಣಿನ ಮೇಲೆ ಬೀಜ ಇಡು.’ ಚೀಲದಲ್ಲಿ ಈಗ ಹದಿಮೂರು ಬೀಜ.

ಐಶ್ವರ್ಯ ಕೌದಿಯ ಮೇಲೆ ಕೂತಿದ್ದಳು, ಪಟ್ಟಿ ಬಲಗಣ್ಣಿಗೆ. ಸೂಜಿ ಹಿಡಿದು ದಾರ ಪೋಣಿಸಲು ಹೆಣಗುತ್ತಿದ್ದಳು. ದಾರ ಪಕ್ಕಕ್ಕೆ ಹೋಗುತ್ತಿತ್ತು. ಉಮಾದೇವಿ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದಳು. ಸಂಜೆಯ ಹೊತ್ತು ಅಂಗಡಿ ಚನ್ನವೀರನೊಬ್ಬನದೇ ಈಗ. ಹುಡುಗಿ ನೇತ್ರಾವತಿಯನ್ನು ನೋಡಿ ಮತ್ತೆ ಸೂಜಿಯ ಕಡೆ ತಿರುಗಿದಳು. ಸಿಟ್ಟು ಇನ್ನೂ ಇತ್ತು.

ಮೊದಲ ಬೀಜವನ್ನು ಇಸಕೊಂಡಳು. ಇಡಲು ಹೋಗಿ ಕೈ ಜಾರಿತು. ಕಪ್ಪು ಬೀಜ ಕಪ್ಪು ಕಲ್ಲಿನ ಮೇಲೆ ಟಣ್ಣೆಂದು ಬಿದ್ದು ಉರುಳಿಹೋಯಿತು. ವೀರಭದ್ರಮ್ಮ ಎತ್ತಿಕೊಡಲು ಬಗ್ಗಿದರು. ಉಮಾದೇವಿ ಮೆಲ್ಲಗೆ ಅತ್ತೆಯ ಮೊಣಕೈ ಹಿಡಿದಳು. ಮುದುಕಿ ಕೈ ಹಿಂದಕ್ಕೆಳೆದು ಮಡಿಲಲ್ಲಿ ಬಿಗಿಹಿಡಿದುಕೊಂಡರು.

ಐಶ್ವರ್ಯ ನೆಲಕ್ಕೆ ಮುಖ ತಂದು ನೋಡಿದಳು. ಕೈಯಾಡಿಸಿದಳು, ಮತ್ತೆ ಕೈ ಎತ್ತಿಕೊಂಡು ಬರೀ ಕಣ್ಣಲ್ಲಿ ನೋಡಿದಳು. ಗಡಿಗೆಪ್ಪ ಹೊರಗಿನಿಂದ, “ಏನು ಕಳದದ?” ಎಂದರು.

“ಅಲ್ಲಿ,” ಎಂದಳು ಐಶ್ವರ್ಯ. “ಕಂಬದ ಬುಡಕ್ಕ.”

ಬೀಜ ಅಲ್ಲೇ ಇತ್ತು. ಅದನ್ನು ತಂದು ಹಾಳೆಯ ಮುಖದ ಬಲಗಣ್ಣಿನ ಮೇಲೆ ಇಟ್ಟಳು. ಆಮೇಲೆ ಒಂದೊಂದೇ ಪ್ರಶ್ನೆಗೆ ಬೀಜ ಇಡುತ್ತ ಹೋದಳು. ಅಳುವ ಮುಖದ ಮೇಲೆ ಎರಡು, ನಗುವ ಮುಖದ ಮೇಲೆ ನಾಲ್ಕು, ಉಳಿದವು ನಡುವೆ ಅಲ್ಲಲ್ಲಿ. ಕೊನೆಯ ಪ್ರಶ್ನೆ, ‘ಪಟ್ಟಿ ಹಾಕಿಕೊಂಡಾಗ ನಿನಗೆ ಹೇಗನಿಸುತ್ತದೆ?’

ಐಶ್ವರ್ಯ ಬೀಜವನ್ನು ಎರಡು ಮುಖಗಳ ನಡುವಿನ ಖಾಲಿ ಜಾಗದಲ್ಲಿ ಇಟ್ಟಳು.

“ಅಲ್ಲಿ ಮುಖ ಇಲ್ಲಲ್ಲವಾ,” ಎಂದಳು ನೇತ್ರಾವತಿ.

“ನಂದು ಇಲ್ಲೇ ಅದ,” ಎಂದಳು ಹುಡುಗಿ. “ಬರಕೋ.”

ನೇತ್ರಾವತಿ ಪೆನ್ನು ತೆಗೆದು, ಆ ಖಾಲಿ ಜಾಗದಲ್ಲಿ ಬೀಜದ ಸುತ್ತ ಒಂದು ಗುಂಡು ಗೆರೆ ಎಳೆದಳು. ಐಶ್ವರ್ಯ ಹತ್ತಿರ ಸರಿದು, ಎಡಗಣ್ಣನ್ನು ಕಿರಿದು ಮಾಡಿ, ಗೆರೆ ಸರಿಯಾಗಿ ಕೂಡಿದೆಯೇ ಎಂದು ನೋಡಿದಳು.

“ಇಲ್ಲಿ ಸ್ವಲ್ಪ ಬಿಟ್ಟದ ಅಕ್ಕಾ,” ಎಂದು ಬೆರಳಿಟ್ಟು ತೋರಿಸಿದಳು.